ಅತ್ತೆಯ ಬಂದೂಕಿಗೆ ಕನ್ನಡಕ

“ಈ ಬೀದಿಯ ಅರ್ಧ ಜನಕ್ಕೆ ಲೋಕ ಕಾಣೋ ಹಾಗೆ ಮಾಡಿದವಳು ನಾನು. ಒಂದು ಬಂದೂಕಿಗೆ ಕಣ್ಣು ಕೊಡಿಸೋದು ಯಾವ ಮಹಾ ಕೆಲಸ? ಒಂದೇ ವಾರ ಸಾಕು! ಕೈಗೆಟುಕೋ ಬೆಲೆ, ಕಣ್ಣಿಗೆ ಕಟ್ಟೋ ನೋಟ!”

ಹೀಗೆಂದು ನಾನು ಊಟದ ಮೇಜು ಕುಟ್ಟಿದ ರಭಸಕ್ಕೆ ನೀರಿನ ಲೋಟ ಮಗುಚಿ ನಮ್ಮೆಜಮಾನರ ತಟ್ಟೆಯೊಳಗೆ ಪ್ರವಾಹ ಬಂತು. ಅವರು ತಟ್ಟೆಯನ್ನು ಓರೆ ಮಾಡಿ ನೀರು ಬಸಿಯುತ್ತ, “ಗುರಿ ಈಗಿನಿಂದಲೇ ತಪ್ತಾ ಇದೆ,” ಎಂದರು.

ನಾನು ಕನ್ನಡಕದ ಅಂಗಡಿಯವಳು. ನಮ್ಮೆಜಮಾನರು ಗಡಿಯಾರ ರಿಪೇರಿಯವರು. ಇಬ್ಬರದೂ ಒಂದೇ ಅಂಗಡಿ, ನಡುವೆ ಒಂದು ಗಾಜಿನ ಕಪಾಟು. ಕಾಲ ಕೆಟ್ಟವರು ಆ ಕಡೆ, ಕಣ್ಣು ಕೆಟ್ಟವರು ಈ ಕಡೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ, ಇಬ್ಬರಿಗೂ ಗಿರಾಕಿಗಳ ಬರ ಬಂದಿಲ್ಲ.

ಬಂದೂಕು ಇರುವುದು ನಮ್ಮತ್ತೆಗೆ. ಗಾಬರಿಯಾಗಬೇಡಿ! ಅತ್ತೆ ನಲವತ್ತು ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ಡಾಕ್ಟರು ಕೈ ಚಾಚುವ ಮೊದಲೇ ಕತ್ತರಿ ಇಡುತ್ತಿದ್ದರಂತೆ, ಡಾಕ್ಟರು ತಪ್ಪು ಕತ್ತರಿ ಕೇಳಿದರೆ ಸರಿಯಾದುದನ್ನೇ ಇಡುತ್ತಿದ್ದರಂತೆ. ಆ ಗಟ್ಟಿ ಕೈಗೆ ಭಾನುವಾರಗಳಲ್ಲಿ ಕೆಲಸವಿರಲಿ ಎಂದು ಹರೆಯದಲ್ಲೇ ರೈಫಲ್ ಕ್ಲಬ್ಬಿಗೆ ಸೇರಿದ್ದರು. ಈಗ ಅರವತ್ತೆಂಟು ವಯಸ್ಸು. ಇವತ್ತಿಗೂ ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಹೋಗಿ, ಮೇಜಿನ ಮುಂದೆ ಕೂತು, ಮರಳುಚೀಲದ ಮೇಲೆ ಬಂದೂಕು ಮಲಗಿಸಿ, ಐವತ್ತು ಮೀಟರು ಆಚೆಯ ಕಾಗದಕ್ಕೆ ಹತ್ತು ತೂತು ಮಾಡಿ ಬರುತ್ತಾರೆ. ಬಂದೂಕು ಕೂಡ ಅಂಥ ಭಯಂಕರದ್ದಲ್ಲ. ಪಾಯಿಂಟ್ ಟೂ ಟೂ, ಕ್ಲಬ್ಬಿನವರ ಬಾಯಲ್ಲಿ ‘ರಿಮ್‌ಫೈರ್’. ತೋಟಾದ ಅಂಚಿಗೆ ಬಡಿದರೆ ಸಿಡಿಯುವ ಪುಟ್ಟ ಗುಂಡು. ಸದ್ದು ಕಡಿಮೆ, ಒದೆತ ಇಲ್ಲವೇ ಇಲ್ಲ, ಕಾಗದದ ಹೊರತು ಬೇರೆ ಯಾರ ಮೇಲೂ ಹಗೆಯಿಲ್ಲದ ಸಾಧು ಬಂದೂಕು. ಅದು ವಾಸವಿರುವುದು ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲಿ, ಮನೆಗೆ ಬರುವುದಿಲ್ಲ.

ಆವತ್ತು ಊಟದ ನಡುವೆ ಅತ್ತೆ, ರೋಗಿಯ ಜ್ವರ ಎಷ್ಟೆಂದು ಹೇಳುವ ದನಿಯಲ್ಲಿ, “ಮುಂದಿನ ತಿಂಗಳ ಪಂದ್ಯ ಮುಗಿದ್ಮೇಲೆ ಬಂದೂಕನ್ನ ಕ್ಲಬ್ಬಿಗೇ ಕೊಟ್ಬಿಡ್ತೀನಿ,” ಎಂದರು.

ನಮ್ಮೆಜಮಾನರ ತುತ್ತು ಅರ್ಧದಲ್ಲೇ ನಿಂತಿತು. “ಯಾಕಮ್ಮಾ?”

“ಕಾಣಲ್ಲ ಕಣೋ. ಬಂದೂಕಿನ ಹಿಂದಿನ ಕಿಂಡಿ ಕಂಡ್ರೆ ಕೊಳವೆ ತುದಿಯ ಮೊನೆ ಮಸುಕು. ಮೊನೆ ಕಂಡ್ರೆ ಗುರಿ ಮಸುಕು. ಮೂರನ್ನೂ ಒಟ್ಟಿಗೆ ನೋಡೋ ಕಾಲ ಮುಗೀತು. ಹೋದ ವಾರ ಪಕ್ಕದವರ ಕಾಗದಕ್ಕೆ ಹೊಡೆದೆ. ಅವರು ಥ್ಯಾಂಕ್ಸ್ ಹೇಳಿದ್ರು.”

ಅಷ್ಟು ಹೇಳಿ ಅತ್ತೆ ತಟ್ಟೆ ಎತ್ತಿಕೊಂಡು ಎದ್ದರು. ತಮಾಷೆಯಾಗಿಯೇ ಹೇಳಿದರು. ಆದರೆ ಸಿಂಕಿನ ಮುಂದೆ ನಿಂತು ಒಂದೇ ತಟ್ಟೆಯನ್ನು ಮೂರು ಸಲ ತೊಳೆದರು. ಮೂರು ದೂರಗಳನ್ನು ಒಟ್ಟಿಗೆ ಹಿಡಿಯುವ ಶಕ್ತಿ ವಯಸ್ಸಾದ ಕಣ್ಣಿಗೆ ಇರುವುದಿಲ್ಲ, ಇದು ನನ್ನ ದಿನನಿತ್ಯದ ಪಾಠ. ಇದಕ್ಕೆ ಮದ್ದು ಬಂದೂಕಿನ ಬೆನ್ನ ಮೇಲೆ ಕೂರುವ ಸ್ಕೋಪು. ಅದರೊಳಗೆ ಒಂದು ನಿಂತ ಗೆರೆ, ಒಂದು ಅಡ್ಡಗೆರೆ. ಗೆರೆಗಳೂ ಗುರಿಯೂ ಒಂದೇ ದೂರದಲ್ಲಿರುವಂತೆ ಕಣ್ಣಿಗೆ ಕಾಣುತ್ತವೆ. ಅರವತ್ತು ದಾಟಿದವರಿಗೆ ಕ್ಲಬ್ಬಿನಲ್ಲಿ ಅನುಮತಿಯೂ ಇದೆ. ಹಾಗಾಗಿಯೇ ನಾನು ಮೇಜು ಕುಟ್ಟಿದ್ದು!

“ಬಂದೂಕಿಗಿಂತ ದುಬಾರಿ ದುರ್ಬೀನು ತಂದ್ರೆ ನಿನ್ನನ್ನೇ ಬೀರುವಿನಲ್ಲಿ ಇಡ್ತೀನಿ,” ಎಂದರು ಅತ್ತೆ.

“ಎರಡು ಜೊತೆ ಒಳ್ಳೆ ಕನ್ನಡಕದ ಬೆಲೆ ದಾಟೋದಿಲ್ಲ ಅತ್ತೆ! ಪುಟ್ಟ ಬಂದೂಕಿಗೆ ಪುಟ್ಟ ಬೆಲೆಯದೇ ಸಾಕು. ಆರಿಸೋ ಕಣ್ಣು ಚೆನ್ನಾಗಿರ್ಬೇಕು, ಅಷ್ಟೇ!”

ಈ ಕೊನೆಯ ವಾಕ್ಯವನ್ನು ನಾನು ಆಡದಿದ್ದರೆ ಎಷ್ಟು ಚೆನ್ನಾಗಿತ್ತು!

ಮಾರನೆಯ ದಿನ ಸುದ್ದಿ ಬೀದಿ ತುಂಬಿತು. ಪಕ್ಕದ ಟೈಲರಮ್ಮ ಸೂಜಿಗೆ ದಾರ ಪೋಣಿಸುವುದನ್ನೂ ಬಿಟ್ಟು ಓಡಿ ಬಂದಳು. “ಅಲ್ಲ ಕಣ್ರೀ, ಅತ್ತೆ ಕಣ್ಣು ತಪ್ಪಿಸಿ ಬದುಕೋ ಸೊಸೆಯಂದಿರನ್ನ ನೋಡಿದ್ದೀನಿ. ಅತ್ತೆ ಕೈಗೆ ಗುರಿ ಕೊಟ್ಟು ಎದುರು ನಿಲ್ಲೋ ಸೊಸೆಯನ್ನ ಇದೇ ಮೊದಲು ನೋಡ್ತಿರೋದು!”

ನಾನು ನಕ್ಕು, ಬ್ಯಾಗು ಹೆಗಲಿಗೇರಿಸಿ, ಆಟದ ಸಾಮಾನಿನ ಅಂಗಡಿಗೆ ಹೊರಟೆ.

ಆ ಅಂಗಡಿಯವನಿಗೆ ಎಲ್ಲರೂ ಪೈಲ್ವಾನ್ ಎನ್ನುತ್ತಾರೆ. ಚೆಂಡು, ಬ್ಯಾಟು, ಸೀಟಿಗಳ ನಡುವೆ, ಕ್ಲಬ್ಬಿನ ಸದಸ್ಯರಿಗಾಗಿ, ಒಂದು ಗಾಜಿನ ಪೆಟ್ಟಿಗೆಯಲ್ಲಿ ಏಳೆಂಟು ಸ್ಕೋಪು ಇಟ್ಟಿದ್ದಾನೆ. ಕೈಗೆಟುಕುವ ಬೆಲೆಯದು ಎಂದ ಕೂಡಲೇ ಮೊಳದುದ್ದದ ಒಂದು ತೋಪನ್ನು ಎತ್ತಿ ಮೇಜಿನ ಮೇಲಿಟ್ಟ.

“ಇಪ್ಪತ್ನಾಲ್ಕು ಪಟ್ಟು ಮೇಡಂ! ಈ ಬೆಲೆಗೆ ಇಷ್ಟು ಪಟ್ಟು ಯಾರೂ ಕೊಡಲ್ಲ. ಚಂದ್ರನ ಮೇಲೆ ಇರುವೆ ಹರಿದ್ರೂ ಎಣಿಸಬಹುದು!”

“ಸರಿ ಬರದಿದ್ರೆ?”

“ವಾರದೊಳಗೆ ತನ್ನಿ, ಬದಲಿಸಿ ಕೊಡ್ತೀನಿ. ಎಷ್ಟು ಸಲ ಬೇಕಾದ್ರೂ!”

ಕುಸ್ತಿಯಲ್ಲಿ ಎಷ್ಟೋ ಸಲ ಬಿದ್ದಿರಬಹುದು ಪೈಲ್ವಾನ್. ಆದರೆ ಹೀಗೆ ತಾನಾಗಿಯೇ ಅಂಗಾತ ಮಲಗಿದ್ದು ಅದೇ ಮೊದಲು!

ಅಂಗಡಿಗೆ ಬಂದವಳೇ ಪ್ರಯೋಗಶಾಲೆ ಸ್ಥಾಪಿಸಿದೆ. ಕಣ್ಣು ಪರೀಕ್ಷೆಯ ಯಂತ್ರದಲ್ಲಿ ಗಿರಾಕಿಗಳು ಗದ್ದ ಊರುವ ಬಟ್ಟಲೊಂದಿದೆಯಲ್ಲ, ಅದರ ಮೇಲೆ ಸ್ಕೋಪನ್ನು ಮಲಗಿಸಿ ರಬ್ಬರ್ ಬ್ಯಾಂಡ್ ಹಾಕಿದೆ. ಯಂತ್ರವನ್ನು ಬಾಗಿಲ ಕಡೆ ತಿರುಗಿಸಿದೆ. ಬೀದಿಯ ಆ ತುದಿಯಲ್ಲಿ ಕಟಿಂಗ್ ಶಾಪಿದೆ, ಅದರ ಗೋಡೆಗೆ ದರಪಟ್ಟಿಯ ಬೋರ್ಡು. ಹೆಜ್ಜೆ ಹಾಕಿ ಅಳೆದೆ, ಸರಿಯಾಗಿ ಐವತ್ತು ಮೀಟರು! ಅತ್ತೆಯ ಗುರಿಯಷ್ಟೇ ದೂರ. ಆಮೇಲೆ ಮನೆಯವರಿಗೆಲ್ಲ ಕಟ್ಟಪ್ಪಣೆ ಹೊರಡಿಸಿದೆ: “ನನ್ನ ಪರೀಕ್ಷೆ ಮುಗಿಯೋ ತನಕ ಇದನ್ನ ಯಾರೂ ಮುಟ್ಟಬಾರದು, ಯಾರೂ ಇಣುಕಬಾರದು. ಬೆರಳಚ್ಚು ಬಿದ್ರೆ ವಾಪಸ್ ತಗೊಳಲ್ಲ.”

ಇಣುಕಿ ನೋಡಿದೆ. ಅಬ್ಬಾ! ಕಟಿಂಗ್ ಶಾಪಿನವನ ಕಿವಿಯೊಳಗಿನ ಒಂದೇ ಒಂದು ಕೂದಲು ತೆಂಗಿನ ಮರದಂತೆ ನಿಂತಿತ್ತು! ಆದರೆ ನನ್ನ ಎದೆ ಒಮ್ಮೆ ಬಡಿದರೆ ಸಾಕು, ಇಡೀ ಬೀದಿಗೆ ಭೂಕಂಪ. ಇನ್ನೊಂದು ವಿಚಿತ್ರ: ತಲೆಯನ್ನು ಎಳ್ಳಷ್ಟು ಅತ್ತಿತ್ತ ಮಾಡಿದರೆ ಗೆರೆಗಳು ‘ಕಟಿಂಗ್’ ಎಂಬುದರ ಮೇಲಿಂದ ‘ಗಡ್ಡ’ದ ಮೇಲಕ್ಕೆ ಜಾರುತ್ತಿದ್ದವು. ಸ್ಕೋಪು ಅಲುಗಾಡಿಲ್ಲ, ಬೋರ್ಡು ಅಲುಗಾಡಿಲ್ಲ, ಗೆರೆ ಮಾತ್ರ ತಿರುಗಾಡಲು ಹೊರಟಿದೆ!

ನನಗೆ ಕುತೂಹಲ ಕೆರಳಿತು. ನೀವೂ ಮಾಡಿ ನೋಡಿ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ತಲೆಯನ್ನು ಆಚೀಚೆ ಆಡಿಸಿ. ಹೆಬ್ಬೆರಳು ಗೋಡೆಯ ಮೇಲೆ ಓಡಾಡಿದಂತೆ ಕಾಣುತ್ತದೆ, ಏಕೆಂದರೆ ಬೆರಳೊಂದು ದೂರ, ಗೋಡೆಯೊಂದು ದೂರ. ದೊಡ್ಡ ಬಂದೂಕಿನ ಸ್ಕೋಪನ್ನು ನೂರು ಮೀಟರಿಗೋ ಅದಕ್ಕೂ ಆಚೆಗೋ ಹೊಂದಿಸಿರುತ್ತಾರೆ. ಐವತ್ತರಲ್ಲಿ ನೋಡಿದರೆ ಗೆರೆಯೂ ಗುರಿಯೂ ಬೇರೆ ಬೇರೆ ದೂರದಲ್ಲಿ ಕೂತುಬಿಡುತ್ತವೆ. ಪುಟ್ಟ ಬಂದೂಕಿಗೆ ಐವತ್ತಕ್ಕೇ ಹೊಂದಿಸಿದ, ನಾಲ್ಕು ಪಟ್ಟಿನ, ಹಗುರವಾದ ಸ್ಕೋಪು ಸಾಕೋ ಸಾಕು! ಬೆಲೆಯೂ ಕಡಿಮೆ!

ಈ ಉಪನ್ಯಾಸವನ್ನು ಪೈಲ್ವಾನನಿಗೆ ಕೊಟ್ಟು ತೋಪು ವಾಪಸ್ ಮಾಡಿದೆ. ಅವನು ಹೆಬ್ಬೆರಳು ಹಿಡಿದು ತಲೆ ಆಡಿಸುತ್ತ ದಂಗಾಗಿ ನಿಂತ. ಓದುಗ ಮಹಾಶಯರೇ, ಇಲ್ಲಿಯವರೆಗೆ ನಾನು ನೂರಕ್ಕೆ ನೂರು ಸರಿಯಿದ್ದೆ. ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಈ ಮಾತು ಹೇಳುವ ಅವಕಾಶ ನನಗೆ ಸಿಗುವುದಿಲ್ಲ.

ಎರಡನೆಯ ಸ್ಕೋಪು ಬಂತು. ನಾಲ್ಕು ಪಟ್ಟು, ಐವತ್ತಕ್ಕೆ ಹೊಂದಿಸಿದ್ದು, ಎರಡು ಕನ್ನಡಕಕ್ಕಿಂತ ತುಸು ಕಡಿಮೆ ಬೆಲೆ. ತಲೆ ಆಡಿಸಿದೆ, ಗೆರೆ ಕದಲಲಿಲ್ಲ. ಭೇಷ್! ಬೋರ್ಡು ಚೆನ್ನಾಗಿ ಕಂಡಿತು. ನಿಂತ ಗೆರೆ ಚೂರಿಯಲ್ಲಿ ಗೀರಿದಂತೆ ಚೂಪಾಗಿತ್ತು. ಆದರೆ ಅಡ್ಡಗೆರೆ? ಉಣ್ಣೆಯ ಎಳೆಯಂತೆ ಜುಂಗುಜುಂಗು!

“ಇದೇನ್ರೀ ಇದು, ಒಂದು ಗೆರೆ ರೇಷ್ಮೆ, ಇನ್ನೊಂದು ಕಂಬಳಿ!” ಎಂದೆ.

ಕಪಾಟಿನ ಆಚೆಯಿಂದ ನಮ್ಮೆಜಮಾನರು, “ನಾನೊಂದ್ಸಲ ನೋಡ್ಲಾ?” ಎಂದರು.

“ಬೇಡ! ನೀವು ಮುಳ್ಳು ನೋಡೋರು, ಗೆರೆ ನೋಡೋರಲ್ಲ.”

ಅವರು ತಮ್ಮ ಗಡಿಯಾರದ ಮುಳ್ಳಿಗೆ ಮರಳಿದರು.

ವಾಪಸ್ ಕೊಟ್ಟೆ. ಮೂರನೆಯದು ತಂದೆ. ಬೇರೆ ಕಂಪನಿಯದು, ಬೇರೆ ದೇಶದ್ದು. ಅದರದೂ ಅದೇ ಕಥೆ! ನಿಂತದ್ದು ನೆಟ್ಟಗೆ, ಅಡ್ಡದ್ದು ಉಣ್ಣೆ. ನಾಲ್ಕನೆಯದು ತಂದೆ. ಅಡ್ಡದ್ದು ಉಣ್ಣೆ! ಈಗ ನನ್ನ ಕುತೂಹಲಕ್ಕೆ ರೆಕ್ಕೆಪುಕ್ಕ ಬಂತು. ಜಗತ್ತಿನ ಕಾರ್ಖಾನೆಗಳೆಲ್ಲ ಸೇರಿ ಅಡ್ಡಗೆರೆಯಲ್ಲಿ ಮೋಸ ಮಾಡುತ್ತಿವೆ! ನಿಂತ ಗೆರೆಗೆ ಒಳ್ಳೆಯ ತಂತಿ, ಅಡ್ಡಗೆರೆಗೆ ಕಳಪೆ ತಂತಿ. ಗಿರಾಕಿಗಳ್ಯಾರೂ ಗಮನಿಸಿಲ್ಲ. ಗಮನಿಸಲು ಒಬ್ಬಳು ಕನ್ನಡಕದವಳು ಹುಟ್ಟಿಬರಬೇಕಾಯಿತು! ನೋಟ್‌ಬುಕ್ಕಿನಲ್ಲಿ ದಿನಾಂಕ, ವೇಳೆ, ಬಿಸಿಲಿನ ಪ್ರಮಾಣ ಎಲ್ಲವನ್ನೂ ಬರೆಯತೊಡಗಿದೆ. ಬೆಳಗ್ಗೆ ಉಣ್ಣೆ. ಮಧ್ಯಾಹ್ನ ಉಣ್ಣೆ. ಸಂಜೆ ಮೋಡ, ಉಣ್ಣೆ.

ಇಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಬೇರೆಯೇ ನಾಟಕ ನಡೆದಿತ್ತು. ಕಟಿಂಗ್ ಶಾಪಿನಲ್ಲಿ ಮುಖಕ್ಕೆ ನೊರೆ ಬಳಿಸಿಕೊಂಡು ಕೂತವರಿಗೆ ಎದುರಿನ ಕನ್ನಡಿಯಲ್ಲಿ, ತಮ್ಮ ಹೆಗಲಾಚೆ, ದೂರದ ಒಂದು ಅಂಗಡಿಯ ಕತ್ತಲೆಯೊಳಗಿಂದ ನೀಲಿಯಾಗಿ ಹೊಳೆಯುವ ಒಂಟಿಕಣ್ಣು ಕಾಣುತ್ತಿತ್ತಂತೆ. ಮೊದಲ ದಿನ ಒಬ್ಬರು ಅರ್ಧ ಗಡ್ಡಕ್ಕೇ ಎದ್ದು ಹೋದರು. ಎರಡನೆಯ ದಿನ ಒಬ್ಬರು ನೊರೆಯ ಸಮೇತ ಓಡಿದರು. ಮೂರನೆಯ ದಿನ ಕಟಿಂಗ್ ಶಾಪಿನವನು ಪೊಲೀಸ್ ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಬಂದೇಬಿಟ್ಟ.

“ಇವ್ರೇ ಸಾರ್! ಮೂರು ದಿನದಿಂದ ನನ್ನ ಅಂಗಡಿಗೆ ಗುರಿ ಇಟ್ಟಿದ್ದಾರೆ!”

“ನಿಮ್ಮ ಅಂಗಡಿಗಲ್ಲ ಕಣ್ರೀ, ನಿಮ್ಮ ಬೋರ್ಡಿಗೆ!” ಎಂದೆ.

“ನೋಡಿ ಸಾರ್, ಒಪ್ಕೊಂಡ್ರು!”

ಕಾನ್‌ಸ್ಟೇಬಲ್ ಗಂಭೀರವಾಗಿ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಂದೂಕು ಎಲ್ಲಿ ಎಂದ. ಕ್ಲಬ್ಬಿನ ಬೀರುವಿನಲ್ಲಿ ಎಂದೆ. ಲೈಸೆನ್ಸ್ ಯಾರದು ಎಂದ. ಅತ್ತೆಯದು ಎಂದೆ. ಅತ್ತೆ ಯಾರು ಎಂದ. ಹೇಳಿದೆ. ಕಾನ್‌ಸ್ಟೇಬಲ್ ತಟ್ಟನೆ ಅಟೆನ್ಷನ್ನಿಗೆ ಬಂದ. ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ಅಳುತ್ತಿದ್ದ ಅವನನ್ನು ಒಂದೇ ಗದರಿಕೆಗೆ ಸುಮ್ಮನಾಗಿಸಿದ್ದು ನಮ್ಮತ್ತೆಯೇ ಅಂತೆ! ಪೊಲೀಸರಿಗೆ ಬೇಡ ಎನ್ನುವಂತಿಲ್ಲವಲ್ಲ, ಸ್ಕೋಪಿನಲ್ಲಿ ಇಣುಕಲು ಬಿಟ್ಟೆ.

“ಆಹಾ! ಎಷ್ಟು ಚೆನ್ನಾಗಿ ಕಾಣ್ತಿದೆ ಮೇಡಂ!”

“ಗೆರೆ ನೋಡಿ. ಅಡ್ಡಗೆರೆ ಉಣ್ಣೆ ಥರ ಇಲ್ವಾ?”

“ಇಲ್ವಲ್ಲ? ಎರಡೂ ಒಂದೇ ಥರ ಇದೆ.”

ಪಾಪ, ಪೊಲೀಸರಿಗೆ ಗೆರೆಯ ಸೂಕ್ಷ್ಮ ಎಲ್ಲಿಂದ ತಿಳಿಯಬೇಕು! ನಾನು ಕನಿಕರದ ನಗೆ ನಕ್ಕೆ. ಅಷ್ಟರಲ್ಲಿ ಕಾನ್‌ಸ್ಟೇಬಲ್‌ನ ದನಿ ಬದಲಾಯಿತು. “ಏನಯ್ಯಾ, ಬೋರ್ಡಿನಲ್ಲಿ ಗಡ್ಡಕ್ಕೆ ಇಷ್ಟೇ ಬರೆದಿದ್ದೀಯ? ನನ್ನ ಹತ್ರ ಅದರ ಮೇಲೆ ಅರ್ಧ ಜಾಸ್ತಿ ತಗೋತೀಯಲ್ಲ! ನಡಿ, ಅಲ್ಲೇ ಹೋಗಿ ಮಾತಾಡೋಣ!”

ಇಬ್ಬರೂ ಹೋದರು. ಅಂದಿನಿಂದ ಕಟಿಂಗ್ ಶಾಪಿನವನು ನನ್ನ ಕಡೆ ನೋಡುವಾಗಲೆಲ್ಲ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಸ್ವಲ್ಪ ಜೋರಾಗಿಯೇ ಮಸೆಯುತ್ತಾನೆ.

ಪೈಲ್ವಾನನ ಸ್ಥಿತಿಯಂತೂ ಹೇಳತೀರದು. ನಾನು ಬೀದಿ ತಿರುವಿನಲ್ಲಿ ಕಂಡರೆ ಸಾಕು, ಅವನು ಚೆಂಡಿನ ಬುಟ್ಟಿಯ ಹಿಂದೆ ಕೂರುತ್ತಿದ್ದ. ಐದನೆಯದನ್ನು ಕೊಡುವಾಗ ಅವನ ಕಣ್ಣಲ್ಲಿ ನೀರಾಡಿತು. “ಮೇಡಂ, ಇದೇ ಕೊನೇದು. ನಾಲ್ಕು ಪಟ್ಟಿನವು ಇನ್ನಿಲ್ಲ. ಇದನ್ನೂ ತಂದ್ರೆ ನಾನು ಅಂಗಡಿ ಮುಚ್ಚಿ ಮತ್ತೆ ಕುಸ್ತಿಗೆ ಹೋಗ್ತೀನಿ.”

ಐದನೆಯದರ ಅಡ್ಡಗೆರೆಯೂ ಉಣ್ಣೆ! ಸುಮ್ಮನಿರಲಾಗಲಿಲ್ಲ. ಅದರ ಕಂಪನಿಗೆ ನಾಲ್ಕು ಪುಟದ ಈಮೇಲ್ ಬರೆದೆ. ಇಪ್ಪತ್ತು ವರ್ಷದ ಅನುಭವ, ಐದು ಸ್ಕೋಪುಗಳ ತುಲನಾತ್ಮಕ ಅಧ್ಯಯನ, ಬಿಸಿಲಿನ ಪಟ್ಟಿ. ಕೊನೆಗೆ ಒಂದು ಗುಡುಗು: “ನಿಮ್ಮ ಅಡ್ಡಗೆರೆಯನ್ನು ಸರಿಪಡಿಸಿಕೊಳ್ಳಿ, ಇಲ್ಲವಾದರೆ ನಾನು ಅಡ್ಡ ಬರಬೇಕಾದೀತು!”

ವಾರವೆಲ್ಲ ಉತ್ತರಕ್ಕೆ ಕಾದೆ. ಪಂದ್ಯಕ್ಕೆ ಎರಡೇ ದಿನ ಉಳಿಯಿತು. ಅತ್ತೆ ಒಂದು ಮಾತೂ ಕೇಳಲಿಲ್ಲ. ಆದರೆ ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಬಂದೂಕು ಒರೆಸುವ ಬಟ್ಟೆ, ಎಣ್ಣೆಯ ಡಬ್ಬಿ, ಹಳೆಯ ಅಂಕಪಟ್ಟಿಗಳು ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ಅಂಟುಪಟ್ಟಿ ಹಚ್ಚಿದ್ದನ್ನು ಕಂಡೆ. ಪೆಟ್ಟಿಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ‘ಕ್ಲಬ್ಬಿಗೆ’ ಎಂದು ಬರೆದಿತ್ತು. ಎಲ್ಲಿ ಹೋಯಿತು ನನ್ನ ‘ಒಂದೇ ವಾರ’?

ಸಂಜೆ ಅಂಗಡಿಯಲ್ಲಿದ್ದಾಗ ಕಂಪನಿಯ ಉತ್ತರ ಬಂತು. ಅತ್ತೆಯೂ ಬಸ್ಸಿನ ಪಾಸು ಮಾಡಿಸಿಕೊಂಡು ಬರುವಾಗ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಿದ್ದರು. “ಓದಿ, ಜೋರಾಗಿ ಓದಿ, ಎಲ್ಲರೂ ಕೇಳಲಿ!” ಎಂದು ಫೋನನ್ನು ನಮ್ಮೆಜಮಾನರ ಕೈಗೆ ಕೊಟ್ಟೆ.

ಅವರು ಗಂಟಲು ಸರಿಮಾಡಿಕೊಂಡರು. “ಮಾನ್ಯರೇ, ತಮ್ಮ ಅಮೂಲ್ಯ ಅಧ್ಯಯನಕ್ಕೆ ಧನ್ಯವಾದಗಳು. ನಮ್ಮ ಸ್ಕೋಪಿನ ಎರಡೂ ಗೆರೆಗಳನ್ನು ಒಂದೇ ಗಾಜಿನ ಮೇಲೆ, ಒಂದೇ ಸಲಕ್ಕೆ ಕೊರೆಯಲಾಗುತ್ತದೆ. ಒಂದು ಗೆರೆ ಮಾತ್ರ ಮಸುಕಾಗಿ ಕಂಡರೆ, ದಯವಿಟ್ಟು ತಮಗೆ ಹತ್ತಿರವಿರುವ...” ಅವರು ನಿಲ್ಲಿಸಿದರು.

“ಹತ್ತಿರವಿರುವ? ಮುಂದೆ ಓದ್ರೀ!”

“...ಹತ್ತಿರವಿರುವ ಕನ್ನಡಕದ ಅಂಗಡಿಗೆ ಭೇಟಿ ಕೊಡಿ.”

ಆಮೇಲೆ ನಮ್ಮೆಜಮಾನರು ಕಪಾಟಿನ ಆಚೆಯಿಂದ ಈಚೆಗೆ ಬೆರಳು ತೋರಿಸಿ, “ಹತ್ತಿರ ಅಂದ್ರೆ... ಇದೇ ಅನ್ಸುತ್ತೆ,” ಎಂದರು.

ನಾನು ಕೆಂಡವಾದೆ. “ನನಗೆ! ನನಗೆ ಕಣ್ಣು ಪರೀಕ್ಷೆ ಮಾಡಿಸ್ಕೋ ಅಂತಾರಾ? ಇಪ್ಪತ್ತು ವರ್ಷದಿಂದ ಪರೀಕ್ಷೆ ಮಾಡ್ತಿರೋಳಿಗೆ? ಅತ್ತೆ, ನೀವೇ ಹೇಳಿ!”

ಅತ್ತೆ ಎದ್ದು ಬಂದರು. ಮುಖದಲ್ಲಿ ಆ ಹಳೆಯ ಥಿಯೇಟರಿನ ಗಾಂಭೀರ್ಯ. “ಕೂತ್ಕೋ. ನೋಡು. ಯಾವ ಗೆರೆ ಮಸುಕು?”

ಕೂತು ನೋಡಿದೆ. “ಅಡ್ಡದ್ದು.”

“ನಿಂತಿರೋದು?”

“ಅದು ಚೂಪಾಗಿದೆ.”

“ಕಣ್ಣು ಮುಚ್ಕೋ.” ಮುಚ್ಚಿದೆ. ಏನೋ ಕರಕರ ಸದ್ದಾಯಿತು. “ಈಗ ನೋಡು. ಯಾವುದು ಮಸುಕು?”

“ಅಡ್ಡದ್ದೇ!” ಎಂದು ನಾನು ವಿಜಯೋತ್ಸಾಹದಲ್ಲಿ ಕಿರುಚಿದೆ. “ನೋಡಿದ್ರಾ? ನೂರು ಸಲ ಕೇಳಿದ್ರೂ ಅಡ್ಡದ್ದೇ! ನಿಂತಿರೋದು ಚೂರಿ ಥರ ಇದೆ!”

“ಸ್ಕೋಪನ್ನ ಕಾಲು ಸುತ್ತು ತಿರುಗಿಸಿದ್ದೀನಿ ಕಣಮ್ಮ,” ಎಂದರು ಅತ್ತೆ ಮೆತ್ತಗೆ. “ಆಗ ಅಡ್ಡ ಇದ್ದದ್ದು ಈಗ ನಿಂತಿದೆ. ನಿಂತಿದ್ದದ್ದು ಈಗ ಅಡ್ಡ ಮಲಗಿದೆ.”

ತಲೆಯೆತ್ತಿ ನೋಡಿದೆ. ನೆತ್ತಿಯ ಮೇಲಿರಬೇಕಾದ ತಿರುಪಿನ ಗುಬುಟು ಪಕ್ಕಕ್ಕೆ ವಾಲಿತ್ತು. ಮೊದಲು ಉಣ್ಣೆಯಾಗಿದ್ದ ಗೆರೆ ನಿಂತ ಕೂಡಲೇ ಚೂರಿಯಾಗಿತ್ತು. ಚೂರಿಯಾಗಿದ್ದದ್ದು ಮಲಗಿದ ಕೂಡಲೇ ಉಣ್ಣೆಯಾಗಿತ್ತು. ಗೆರೆ ಬದಲಾದರೂ ಉಣ್ಣೆ ಬದಲಾಗಲಿಲ್ಲ. ಅಂದರೆ ಆ ಉಣ್ಣೆ ಸ್ಕೋಪಿನದಲ್ಲ. ಈ ಕಡೆಯದು.

ನಮ್ಮೆಜಮಾನರ ಕಡೆಯಿಂದ ಹದಿನೇಳು ಗಡಿಯಾರಗಳ ಟಿಕ್ ಟಿಕ್ ಕೇಳಿಸಿತು. ಹದಿನೇಳೂ ನನ್ನನ್ನೇ ನೋಡಿ ಹಲ್ಲು ಕಡಿಯುತ್ತಿದ್ದಂತಿತ್ತು.

“ದುರ್ಬೀನಿಗೇನೂ ಆಗಿಲ್ಲ. ರೋಗಿ ಈ ತುದಿಯಲ್ಲಿದ್ದಾಳೆ,” ಎಂದರು ಅತ್ತೆ.

ಕಣ್ಣುಗುಡ್ಡೆಯ ಮುಂಭಾಗ ಚೆಂಡಿನಂತೆ ದುಂಡಗಿರದೆ ಒಂದಿಷ್ಟು ಮೊಟ್ಟೆಯಂತಾದರೆ, ಒಂದು ದಿಕ್ಕಿನ ಗೆರೆ ಚೂಪು, ಇನ್ನೊಂದು ದಿಕ್ಕಿನದು ಮಸುಕು. ನಮ್ಮ ಕಸುಬಿನಲ್ಲಿ ಇದಕ್ಕೆ ಸಿಲಿಂಡರ್ ನಂಬರ್ ಎನ್ನುತ್ತೇವೆ. ಇದನ್ನು ನಾನು ವಾರಕ್ಕೆ ಹತ್ತು ಜನಕ್ಕಾದರೂ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ! ಅಡುಗೆಮನೆಯಲ್ಲೊಂದು ಸಿಲಿಂಡರ್ ಇದೆ ಎಂದು ಗೊತ್ತಿತ್ತು, ನನ್ನ ಕಣ್ಣಲ್ಲೂ ಒಂದಿದೆ ಎಂದು ಗೊತ್ತಿರಲಿಲ್ಲ. ಅಡ್ಡಗೆರೆಯನ್ನು ಬೆನ್ನಟ್ಟಿ ಹೊರಟವಳು ಅತ್ತೆಗೆ ಅಡ್ಡಬೀಳುವುದೊಂದು ಬಾಕಿಯಿತ್ತು!

ಅತ್ತೆ ನನ್ನನ್ನು ಎಬ್ಬಿಸಿ ತಾವು ಕೂತರು. ಸ್ಕೋಪನ್ನು ಮತ್ತೆ ನೆಟ್ಟಗೆ ಮಾಡಿ, ಕಣ್ಣಿನ ಕಡೆಯ ಉಂಗುರವನ್ನು ಒಂದಿಷ್ಟು ತಿರುವಿದರು. ಇನ್ನೊಂದಿಷ್ಟು. ಕೈ ನಿಂತಿತು. ಬಹಳ ಹೊತ್ತು ನೋಡಿದರು.

“ಏನಮ್ಮಾ?” ಎಂದರು ನಮ್ಮೆಜಮಾನರು.

“ಒಟ್ಟಿಗೆ ಕಾಣ್ತಿದೆ ಕಣೋ,” ಎಂದರು ಅತ್ತೆ. ಆ ದನಿ ನಾನು ಕೇಳಿದ್ದ ದನಿಯಲ್ಲ. “ಗೆರೆ, ಬೋರ್ಡು... ಎರಡೂ ಒಟ್ಟಿಗೆ.”

ಆಮೇಲೆ ಅವರು ಕಟಿಂಗ್ ಶಾಪಿನ ದರಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ, ‘ಮಕ್ಕಳಿಗೆ ಅರ್ಧ ದರ, ಅತ್ತರೆ ಪೂರ್ತಿ’ ಎಂಬ ಕೊನೆಯ ಸಾಲಿನ ತನಕ, ಮಗುವಿನಂತೆ ಗಟ್ಟಿಯಾಗಿ ಓದಿದರು. ನನ್ನ ಕಣ್ಣು ಮಂಜಾಯಿತು. ಆ ಮಂಜು ಮಾತ್ರ ಸಿಲಿಂಡರಿನದಲ್ಲ.

ಶನಿವಾರ ಮೂವರೂ ಕ್ಲಬ್ಬಿಗೆ ಹೋದೆವು. ಗಡಿಯಾರದ ಪುಟ್ಟ ತಿರುಪುಳಿಗಳಲ್ಲಿ ನಮ್ಮೆಜಮಾನರೇ ಸ್ಕೋಪು ಕೂರಿಸಿದರು. ಗೆರೆ ನೆಟ್ಟಗಿದೆಯೇ ಎಂದು ನೋಡಲು ದೂರದಲ್ಲಿ ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟರು. ಗುಬುಟು ತಿರುಗಿಸಿದರೆ ಟಿಕ್ ಟಿಕ್ ಎಂದು ಗುಂಡು ಬೀಳುವ ಜಾಗ ಕೂದಲೆಳೆಯಷ್ಟು ಸರಿಯುತ್ತದೆ. ಆ ಸದ್ದು ಕೇಳಿ ಅವರ ಮುಖ ಅರಳಿತು. “ಅಮ್ಮಾ, ಇದೂ ಗಡಿಯಾರವೇ!” ನಾನು ಮಾತ್ರ ಬೆಂಚಿನ ಮೇಲೆ ಕೂತಿದ್ದೆ. ನನಗೆ ಕಟ್ಟಪ್ಪಣೆಯಾಗಿತ್ತು: ಮುಟ್ಟಬಾರದು, ಇಣುಕಬಾರದು.

ಭಾನುವಾರ ಪಂದ್ಯ. ಅತ್ತೆಯ ಎದುರಾಳಿ ರಿಟೈರಾದ ಬ್ಯಾಂಕ್ ಮ್ಯಾನೇಜರು, ಮೀಸೆಯಿಂದಾಗಿ ಮೀಸೆ ಮ್ಯಾನೇಜರ್ ಎಂದೇ ಹೆಸರು. ಅವರ ಸ್ಕೋಪಿನ ಬೆಲೆಯಲ್ಲಿ ಅತ್ತೆಯದು ಇಪ್ಪತ್ತು ಬರುತ್ತಿತ್ತು. ಅವರು ನಮ್ಮ ಬಡಕಲು ಕೊಳವೆಯನ್ನು ಕಂಡು, “ಏನಮ್ಮಾ, ಇದು ಪೆನ್ನಾ?” ಎಂದರು. ಅತ್ತೆ, “ಹೌದು, ಅಂಕ ಬರೆಯೋದಕ್ಕೆ,” ಎಂದು ಕೂತರು.

ಹತ್ತು ಗುಂಡು. ಪ್ರತಿ ಗುಂಡಿಗೂ ನನ್ನ ಉಗುರು ಒಂದೊಂದಾಗಿ ಮುಗಿಯುತ್ತ ಬಂತು. ಅತ್ತೆ ಮಾತ್ರ ಉಸಿರು ಬಿಟ್ಟು, ಅರ್ಧಕ್ಕೆ ನಿಲ್ಲಿಸಿ, ಬೆರಳೊಂದನ್ನೇ ಆಡಿಸುತ್ತಿದ್ದರು. ಕಾಗದಗಳು ಬಂದವು. ಮೀಸೆಗೆ ತೊಂಬತ್ತೇಳು. ಅತ್ತೆಗೆ ತೊಂಬತ್ತಾರು!

“ಛೇ! ಒಂದೇ ಒಂದು ಅಂಕ!” ಎಂದು ನಾನು ಕೈ ಹಿಸುಕಿಕೊಂಡೆ.

“ಇರ್ಲಿ ಬಿಡೆ. ಮುಂದಿನ ವರ್ಷಕ್ಕೆ ಏನಾದ್ರೂ ಕೆಲಸ ಬೇಡ್ವಾ?” ಎಂದರು ಅತ್ತೆ.

ಮುಂದಿನ ವರ್ಷಕ್ಕೆ! ನಮ್ಮೆಜಮಾನರೂ ನಾನೂ ಮುಖ ಮುಖ ನೋಡಿಕೊಂಡೆವು. ‘ಕ್ಲಬ್ಬಿಗೆ’ ಎಂದು ಬರೆದು ಕೊಡಲೆಂದೇ ಜೊತೆಗೆ ತಂದಿದ್ದ ಪೆಟ್ಟಿಗೆಯ ಅಂಟುಪಟ್ಟಿಯನ್ನು ಅತ್ತೆ ಅಲ್ಲೇ, ಉಗುರಿನಲ್ಲೇ, ಸರ್ರನೆ ಕಿತ್ತು ಎಣ್ಣೆಯ ಡಬ್ಬಿ ಹೊರತೆಗೆದರು. ಅತ್ತ ಗೇಟಿನ ಬಳಿ ಪೈಲ್ವಾನ್ ಒಂದು ಮೇಜು ಹಾಕಿ ಕೂಗುತ್ತಿದ್ದ: “ಕನ್ನಡಕದ ಮೇಡಂ ಸ್ವತಃ ವಾರಗಟ್ಲೆ ಪರೀಕ್ಷೆ ಮಾಡಿದ ಸ್ಕೋಪುಗಳು! ಪರೀಕ್ಷೆಯಲ್ಲಿ ಎಲ್ಲವೂ ಪಾಸು, ಮೇಡಂ ಮಾತ್ರ ಫೇಲು!” ನಾನು ವಾಪಸ್ ಕೊಟ್ಟಿದ್ದ ನಾಲ್ಕು ಪಟ್ಟಿನ ಮೂರೂ ಅರ್ಧ ಗಂಟೆಯಲ್ಲಿ ಖರ್ಚಾದವು.

ಬಸ್ಸಿನಲ್ಲಿ ವಾಪಸ್ ಬರುವಾಗ, ನಮ್ಮ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಅತ್ತೆ, “ಇಳಿ,” ಎಂದರು. ಇಳಿದೆ. ಎದುರಿಗೆ ಇನ್ನೊಂದು ಕನ್ನಡಕದ ಅಂಗಡಿ! ವರ್ಷಪೂರ್ತಿ ರಿಯಾಯಿತಿಯ ಬೋರ್ಡು ನೇತುಹಾಕುವ ಅದರ ಮಾಲೀಕನಿಗೆ ರಿಯಾಯಿತಿ ಎಂದು ಹೆಸರಿಟ್ಟವಳೇ ನಾನು.

“ಅತ್ತೆ, ಬೇಡ! ನನ್ನ ಯಂತ್ರದಲ್ಲಿ ನಾನೇ ನೋಡ್ಕೊಳ್ತೀನಿ!”

“ಯಾವ ಸರ್ಜನ್ನೂ ತನ್ನ ಹೊಟ್ಟೆ ತಾನೇ ಕುಯ್ಕೊಳ್ಳೋದನ್ನ ನಾನು ನೋಡಿಲ್ಲ. ನಡಿ ಒಳಗೆ.”

ರಿಯಾಯಿತಿ ನನ್ನನ್ನು ಕಂಡು ಮೊದಲು ಹೆದರಿದ, ಆಮೇಲೆ ವಿಷಯ ತಿಳಿದು ಬೆಳಗಿದ. “ಬನ್ನಿ ಮೇಡಂ, ಬನ್ನಿ! ನಮ್ಮ ಭಾಗ್ಯ!” ಎಂದು ಪರದೆಯ ಹಿಂದಿನ ಕೋಣೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದ. ಕಬ್ಬಿಣದ ಭಾರದ ಕನ್ನಡಕದ ಚೌಕಟ್ಟನ್ನು ಮೂಗಿನ ಮೇಲೆ ಹೇರಿದ. ಮೂಗು ಬಗ್ಗಿದರೂ ನಾನು ಬಗ್ಗಲಿಲ್ಲ.

“ಕೊನೇ ಸಲ ಯಾವಾಗ ಪರೀಕ್ಷೆ ಆಯ್ತು ಮೇಡಂ?”

“ಪ್ರತಿ ವರ್ಷ ತಪ್ಪದೆ ನಾನೇ ಮಾಡ್ಕೊಳ್ತೀನಿ. ಪ್ರತಿ ಸಲವೂ ಕಟ್ಟಕಡೇ ಸಾಲಿನವರೆಗೂ ಓದ್ತೀನಿ, ತಿಳ್ಕೊಳ್ಳಿ! ಏನೋ ಒಂಚೂರು ಸಿಲಿಂಡರ್ ಇರ್ಬಹುದು, ಅಷ್ಟೇ.”

“ಒಂದು ನಿಮಿಷ ಮೇಡಂ,” ಎಂದು ಅವನು ಗೋಡೆಯ ಕಡೆಗೆ ಹೋದ.

ನಾನೇಕೆ ಕಾಯಲಿ? ಇವನಿಗೆ ಒಮ್ಮೆ ತೋರಿಸಿಯೇ ಬಿಡಬೇಕು! ಎದುರುಗೋಡೆಯ, ನನ್ನ ಅಂಗಡಿಯಲ್ಲೂ ಇರುವ ಅದೇ ಅಕ್ಷರದ ಬೋರ್ಡಿನ ಕಡೆ ಎದೆ ಸೆಟೆಸಿ ಕೂತು, ಮೇಲಿನ ಸಾಲುಗಳನ್ನೆಲ್ಲ ಬಿಟ್ಟು, ನೇರ ಕಟ್ಟಕಡೆಯ ಸಾಲಿಗೇ ಇಳಿದು ಗಡಗಡ ಓದಿದೆ: “ಗ, ರ, ಠ, ಪ, ಲ, ಟ, ನ!”

ಪರದೆಯಾಚೆ ಅತ್ತೆ ಕೆಮ್ಮಿದ ಸದ್ದು.

ರಿಯಾಯಿತಿ ಬಹಳ ವಿನಯದಿಂದ ಹೇಳಿದ:

“ಎಲ್ಲಾ ಸರಿ ಮೇಡಂ, ಒಂದಕ್ಷರವೂ ತಪ್ಪಿಲ್ಲ. ಆದ್ರೆ ನಾನಿನ್ನೂ ಬೋರ್ಡಿನ ಲೈಟೇ ಹಾಕಿಲ್ಲ!”